ಮಣ್ಣಿನಲ್ಲಿ ಮರೆಯಾದ ತೋಟ

ಹಿತ್ತಲಿನಲ್ಲಿ ಬಹುಕಾಲದಿಂದ ಬೆಳೆದಿದ್ದ ಮರವೊಂದನ್ನು ಬುಡಸಹಿತ ತೆಗೆದ ಮೇಲೆ ಗುಂಡಿಯನ್ನು ಮುಚ್ಚಿ ನೆಲವನ್ನು ಸಮಮಾಡುವುದು ವಾಡಿಕೆ. ಎರಡು ಮೂರು ಮಳೆಗಾಲ ಕಳೆಯುವುದರೊಳಗಾಗಿ ಮರ ಎಲ್ಲಿದ್ದಿತೆಂಬುದು ಮನೆಯವರಿಗೇ ಮರೆತುಹೋಗಬಹುದು. ಆದರೆ ಅನೇಕ ವರ್ಷಗಳ ತರುವಾಯ ಅದೇ ಸ್ಥಳದಲ್ಲಿ ಯಾರಾದರೂ ಪಾಯ ತೋಡಿದರೆ, ಸುತ್ತಲಿನ ಗಟ್ಟಿಯಾದ ಕೆಂಪು ಮಣ್ಣಿನ ನಡುವೆ ದುಂಡಗೆ, ಕಪ್ಪಗೆ, ಸಡಿಲವಾಗಿ ಇರುವ ಒಂದು ಭಾಗ ಗುದ್ದಲಿಗೆ ಸಿಕ್ಕುತ್ತದೆ. ಅದನ್ನು ಕಂಡೊಡನೆಯೇ ಮಣ್ಣು ಅಗೆಯುವವನು “ಇಲ್ಲಿ ಹಿಂದೆ ಗುಂಡಿ ಇತ್ತು” ಎನ್ನುತ್ತಾನೆ. ಅವನು ಪುರಾತತ್ತ್ವಶಾಸ್ತ್ರವನ್ನು ಓದಿದವನಲ್ಲ. ಆದರೂ ಆ ಶಾಸ್ತ್ರದ ಒಂದು ಮುಖ್ಯ ಸೂತ್ರವನ್ನು ಅನುಭವದಿಂದ ಬಲ್ಲವನು.

ಆ ಸೂತ್ರ ಸರಳವಾದುದು. ನೆಲದ ಮೇಲ್ಪದರದಲ್ಲಿ ಕೊಳೆತ ಎಲೆ, ಬೇರು, ಗೊಬ್ಬರಗಳು ಸೇರಿರುವುದರಿಂದ ಅದರ ಬಣ್ಣ ಕಪ್ಪಾಗಿರುತ್ತದೆ. ಅದರ ಕೆಳಗಿನ ಮಣ್ಣಿನಲ್ಲಿ ಈ ಸಾವಯವ ಪದಾರ್ಥ ಕಡಮೆ. ಕಬ್ಬಿಣದ ಅಂಶವಿರುವೆಡೆ ಅದು ಕೆಂಪಾಗಿಯೋ ಹಳದಿಯಾಗಿಯೋ ಕಾಣುತ್ತದೆ. ಒಮ್ಮೆ ಗುಂಡಿ ತೋಡಿ ಮುಚ್ಚಿದರೆ ಎರಡೂ ಪದರಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ನೂರಾರು ವರ್ಷಗಳಾದರೂ ಪ್ರಕೃತಿ ಅವನ್ನು ಬೇರ್ಪಡಿಸಿ ಮೊದಲಿನಂತೆ ಜೋಡಿಸುವುದಿಲ್ಲ. ಗುಂಡಿ ತೋಡಿದವನು ಹೋದ ಮೇಲೆಯೂ, ಅದರಲ್ಲಿ ನೆಟ್ಟ ಗಿಡ ಸತ್ತ ಮೇಲೆಯೂ, ಗುಂಡಿಯ ಆಕಾರ ಮಾತ್ರ ಮಣ್ಣಿನಲ್ಲಿ ಕಲೆಯಂತೆ ಉಳಿದಿರುತ್ತದೆ.

ಪುರಾತತ್ತ್ವವೆಂದರೆ ಕೋಟೆ, ದೇವಾಲಯ, ಶಾಸನ, ನಾಣ್ಯ ಇವೇ ನಮ್ಮ ಕಣ್ಣ ಮುಂದೆ ಬರುತ್ತವೆ. ಸೊಪ್ಪಿನ ಮಡಿಯನ್ನೋ ಬದನೆಯ ಪಾತಿಯನ್ನೋ ಉತ್ಖನನ ಮಾಡಿ ಹುಡುಕಬಹುದೆಂದರೆ ಮೊದಲಿಗೆ ನಗು ಬರುವುದು ಸಹಜ. ಕಲ್ಲಿನ ಕಟ್ಟಡವೇ ಬಿದ್ದು ಮಣ್ಣಾಗುವಾಗ ಒಂದು ಋತುವಿನ ಬಾಳುಳ್ಳ ಕಾಯಿಪಲ್ಯೆಯ ಗುರುತು ಉಳಿಯುವುದೆಂತು? ಆದರೂ ಕಳೆದ ಶತಮಾನದ ಉತ್ತರಾರ್ಧದಲ್ಲಿ ತೋಟಗಳ ಪುರಾತತ್ತ್ವವೆಂಬ ಒಂದು ಶಾಖೆಯೇ ಬೆಳೆದು ನಿಂತಿತು. ಅದರ ರೀತಿ ನೀತಿಗಳನ್ನು ತಿಳಿಯಲು ಅಮೆರಿಕದ ವರ್ಜೀನಿಯ ರಾಜ್ಯದಲ್ಲಿರುವ ಮಾಂಟಿಚೆಲೊ ಎಂಬ ಬೆಟ್ಟಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ. ಏಕೆಂದರೆ ಅಲ್ಲಿ ತೋಟದ ಯಜಮಾನನೇ ಬರೆದಿಟ್ಟ ಪುಸ್ತಕವೂ ಇದೆ, ಅವನ ಕಾಲದ ಮಣ್ಣೂ ಇದೆ. ಒಂದನ್ನು ಇನ್ನೊಂದರೊಡನೆ ಹೋಲಿಸಿ ನೋಡಬಹುದು.

ಮಾಂಟಿಚೆಲೊ ಎಂದರೆ ಇಟಲಿಯ ಭಾಷೆಯಲ್ಲಿ ಚಿಕ್ಕ ಬೆಟ್ಟವೆಂದು ಅರ್ಥ. ಶಾರ್ಲಟ್ಸ್‌ವಿಲ್ ಪಟ್ಟಣದ ಹತ್ತಿರವಿರುವ ಈ ಬೆಟ್ಟದ ನೆತ್ತಿಯಲ್ಲಿ ಮನೆ ಕಟ್ಟಿಕೊಂಡವನು ಟಾಮಸ್ ಜೆಫರ್‌ಸನ್. ಅಮೆರಿಕದ 1776ರ ಸ್ವಾತಂತ್ರ್ಯ ಘೋಷಣೆಯನ್ನು ರಚಿಸಿದವನು. 1801ರಿಂದ 1809ರವರೆಗೆ ಆ ದೇಶದ ಮೂರನೆಯ ಅಧ್ಯಕ್ಷನಾಗಿದ್ದವನು. ಎಲ್ಲ ಮಾನವರೂ ಸಮಾನರೆಂದು ಬರೆದ ಈತನ ಬಾಳಿನುದ್ದಕ್ಕೂ ಆರುನೂರಕ್ಕೂ ಹೆಚ್ಚು ಮಂದಿ ಗುಲಾಮರು ಅವನ ಸೊತ್ತಾಗಿದ್ದರೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ತೋಟದ ಕಥೆಗೂ ಇದಕ್ಕೂ ಸಂಬಂಧವಿದೆ.

ಜೆಫರ್‌ಸನ್ ಲೆಕ್ಕ ಬರೆಯುವ ಚಪಲವುಳ್ಳವನು. 1766ನೆಯ ಇಸವಿಯ ಮಾರ್ಚ್ 30ರಂದು ಹಯಸಿಂತ್ ಎಂಬ ಹೂವು ಅರಳತೊಡಗಿದುದನ್ನು ಗುರುತುಹಾಕಿಕೊಂಡು ಅವನು ಆರಂಭಿಸಿದ ತೋಟದ ಪುಸ್ತಕ 1824ರವರೆಗೆ ಮುಂದುವರಿಯಿತು. ಯಾವ ಬೀಜವನ್ನು ಯಾವ ದಿನ ಬಿತ್ತಿದುದು, ಯಾವಾಗ ಸಸಿ ಕಿತ್ತು ನೆಟ್ಟುದು, ಫಲ ಯಾವ ದಿನ ಊಟಕ್ಕೆ ಬಂದುದು, ಬೆಳೆ ಯಾವಾಗ ಮುಗಿದುದು ಇವೆಲ್ಲಕ್ಕೂ ಅದರಲ್ಲಿ ಕಲಮುಗಳಿವೆ. ಬಿತ್ತಿದುದು ಕೆಟ್ಟುಹೋದುದನ್ನೂ ಅವನು ಮರೆಮಾಚಿಲ್ಲ. ಎಡ್ವಿನ್ ಬೆಟ್ಸ್ ಎಂಬ ವಿದ್ವಾಂಸರು ಈ ಪುಸ್ತಕವನ್ನು ಅವನ ಪತ್ರಗಳೊಡನೆ ಸಂಪಾದಿಸಿ 1944ರಲ್ಲಿ ಪ್ರಕಟಿಸಿದರು.

ಕಾಯಿಪಲ್ಯೆಯ ತೋಟ ಇದ್ದುದು ಮನೆಯ ಕೆಳಗೆ, ಬೆಟ್ಟದ ಆಗ್ನೇಯ ಇಳಿಜಾರಿನಲ್ಲಿ. ಇಳಿಜಾರನ್ನು ಕಡಿದು ಒಂದು ಉದ್ದವಾದ ಜಗಲಿಯನ್ನು ಮಾಡಿ, ಕೆಳಗಡೆಯ ಅಂಚು ಕುಸಿಯದಂತೆ ಕಲ್ಲಿನ ಗೋಡೆಯನ್ನು ಕಟ್ಟಿದರು. ಜಗಲಿಯ ಉದ್ದ 1,000 ಅಡಿ, ಅಗಲ 80 ಅಡಿ. ಎಂದರೆ ಎರಡು ಎಕರೆಗೆ ಸ್ವಲ್ಪ ಕಡಮೆ. ಗೋಡೆ ಕೆಲವೆಡೆ 12 ಅಡಿ ಎತ್ತರವಾಗಿದ್ದಿತು. 1806ರಿಂದ 1809ರವರೆಗೆ ನಡೆದ ಈ ಕೆಲಸಕ್ಕೆ ಬೇರೊಬ್ಬ ಒಡೆಯನಿಂದ ಬಾಡಿಗೆಗೆ ತಂದ ಗುಲಾಮರನ್ನು ಹಚ್ಚಿದ್ದರು. ಯಜಮಾನನು ಆಗ ರಾಜಧಾನಿಯಲ್ಲಿ ಅಧ್ಯಕ್ಷ ಪದವಿಯಲ್ಲಿದ್ದುಕೊಂಡು ಪತ್ರಗಳ ಮೂಲಕ ಅಪ್ಪಣೆಗಳನ್ನು ಕಳುಹಿಸುತ್ತಿದ್ದನು.

ಬೆಟ್ಟದ ಓರೆಯಲ್ಲಿ ತೋಟ ಮಾಡುವುದು ದುಡುಕಿನ ಕೆಲಸವೆಂದು ತೋರಬಹುದು. ಆದರೆ ಅದರಲ್ಲಿ ವಿವೇಕವಿದ್ದಿತು. ತಣ್ಣನೆಯ ಗಾಳಿ ಬಿಸಿಗಾಳಿಗಿಂತ ಭಾರವಾದುದರಿಂದ ಚಳಿಗಾಲದ ರಾತ್ರಿ ಅದು ಇಳಿಜಾರಿನಲ್ಲಿ ನೀರಿನಂತೆ ಕೆಳಗೆ ಹರಿದು ಕಣಿವೆಯಲ್ಲಿ ನಿಲ್ಲುತ್ತದೆ. ಕಣಿವೆಯ ಗಿಡಗಳು ಹಿಮಕ್ಕೆ ಸಿಕ್ಕಿ ಕರಿದಾಗ ಮೇಲಿನವು ಬದುಕಿಕೊಳ್ಳುತ್ತವೆ. ಗೋಡೆಯ ಕಲ್ಲುಗಳು ಹಗಲಿನ ಬಿಸಿಲನ್ನು ಹೀರಿಕೊಂಡು ರಾತ್ರಿ ನಿಧಾನವಾಗಿ ಬಿಡುವುದರಿಂದ ಗೋಡೆಯ ಬುಡದಲ್ಲಿ ಅಂಜೂರವೂ ಬೆಳೆಯುತ್ತಿದ್ದಿತು. ಕೊರತೆಯಿದ್ದುದು ನೀರಿಗೆ, ಬೆಟ್ಟದ ಮೇಲಿನ ಬಾವಿ ಕೆಲವು ವರ್ಷ ಬತ್ತಿಹೋಗುತ್ತಿದ್ದಿತು.

ಈ ಜಗಲಿಯನ್ನು 24 ಚೌಕಗಳಾಗಿ ವಿಂಗಡಿಸಿ, 1812ರಲ್ಲಿ ಜೆಫರ್‌ಸನ್ ಅವುಗಳಿಗೆ ಒಂದು ಕ್ರಮವನ್ನು ಗೊತ್ತುಮಾಡಿದನು. ಹಣ್ಣುಕಾಯಿಗಳಿಗಾಗಿ ಬೆಳೆಸುವ ಗಿಡಗಳು ಒಂದು ಕಡೆ, ಬೇರುಗಳಿಗಾಗಿ ಬೆಳೆಸುವುವು ಇನ್ನೊಂದು ಕಡೆ, ಎಲೆಗಳಿಗಾಗಿ ಬೆಳೆಸುವುವು ಮತ್ತೊಂದು ಕಡೆ. ಇದನ್ನು ದೊಡ್ಡ ಶಾಸ್ತ್ರೀಯ ವಿಂಗಡಣೆಯೆಂದು ಕೆಲವರು ಹೊಗಳಿರುವುದುಂಟು. ನಮ್ಮ ಸಂತೆಗೆ ಹೋಗಿ ಬಂದವರಿಗೆ ಇದು ಹೊಸದೇನೂ ಅಲ್ಲ: ಕಾಯಿ, ಗೆಡ್ಡೆ, ಸೊಪ್ಪು! ಅವನ ತೋಟದಲ್ಲಿ ನಮಗೆ ಪರಿಚಿತವಾದ ತರಕಾರಿಗಳೂ ಇದ್ದುವು. ಆಗ ಅಲ್ಲಿ ಅಷ್ಟಾಗಿ ಬಳಕೆಗೆ ಬಾರದಿದ್ದ ಟೊಮ್ಯಾಟೊ ಹಣ್ಣನ್ನೂ ಬೆಂಡೆಯನ್ನೂ ಬದನೆಯನ್ನೂ 1809ರಲ್ಲಿ ಹಾಕಿದ್ದನು. ಎಣ್ಣೆಗಾಗಿ ಎಳ್ಳನ್ನು ಬೆಳೆಸಲು ಬಹಳ ಉತ್ಸಾಹ ತೋರಿಸಿದನು. ಬೆಂಡೆ, ಎಳ್ಳು ಇವೆರಡೂ ಆಫ್ರಿಕದಿಂದ ಸೆರೆತಂದ ಜನರೊಡನೆ ಅಮೆರಿಕಕ್ಕೆ ಹೋದ ಬೆಳೆಗಳು. ಅವನಿಗೆ ಎಲ್ಲಕ್ಕಿಂತ ಪ್ರಿಯವಾದುದು ಬಟಾಣಿ. ವಸಂತದಲ್ಲಿ ಮೊದಲು ಯಾರ ಮನೆಯ ಊಟಕ್ಕೆ ಹಸಿಬಟಾಣಿ ಬರುವುದೋ ಅವರು ನೆರೆಹೊರೆಯವರಿಗೆ ಔತಣ ಮಾಡುವುದೆಂದು ಪಂದ್ಯವಿತ್ತಂತೆ. ಈ ಪಂದ್ಯದಲ್ಲಿ ಗೆಲ್ಲುತ್ತಿದ್ದವನು ಸಾಮಾನ್ಯವಾಗಿ ನೆರೆಯ ಗೆಳೆಯನೇ ಹೊರತು ಅಧ್ಯಕ್ಷನಲ್ಲ.

1826ರಲ್ಲಿ ಜೆಫರ್‌ಸನ್ ದೊಡ್ಡ ಸಾಲವನ್ನು ಬಿಟ್ಟು ತೀರಿಕೊಂಡನು. ಮನೆ 1831ರಲ್ಲಿ ಬೇರೆಯವರ ಪಾಲಾಯಿತು. ನೋಡಿಕೊಳ್ಳುವವರಿಲ್ಲದೆ ಬೇಲಿ ಕೊಳೆಯಿತು, ಗೋಡೆಯ ಕಲ್ಲುಗಳು ಉರುಳಿದುವು, ಮೇಲಿನಿಂದ ಕೊಚ್ಚಿಬಂದ ಮಣ್ಣು ಅವುಗಳನ್ನು ಮುಚ್ಚಿತು. 1923ರಲ್ಲಿ ಒಂದು ಸ್ಮಾರಕ ಸಂಸ್ಥೆ ಈ ಸ್ಥಳವನ್ನು ಕೊಂಡುಕೊಂಡಾಗ ತೋಟವಿದ್ದೆಡೆ ಹುಲ್ಲು ಬೆಳೆದ ಓರೆಯ ನೆಲ ಮಾತ್ರ ಕಾಣುತ್ತಿದ್ದಿತು.

ಮೊದಲು ಜೀರ್ಣೋದ್ಧಾರವಾದುದು ತರಕಾರಿಯದಲ್ಲ, ಮನೆಯ ಮುಂದಣ ಹೂದೋಟ. 1939ರಿಂದ 1941ರವರೆಗೆ ವರ್ಜೀನಿಯದ ಉದ್ಯಾನ ಸಂಘದವರು ಈ ಕೆಲಸವನ್ನು ಮಾಡಿದರು. ಹುಲ್ಲಿನ ಬಯಲಿನಲ್ಲಿ ಹಳೆಯ ಅಂಕುಡೊಂಕಿನ ಕಾಲುದಾರಿ ಎಲ್ಲಿ ಹೋಗಿದ್ದಿತೆಂಬುದನ್ನು ಕಂಡುಹಿಡಿಯಲು ಅವರು ಹೂಡಿದ ಉಪಾಯ ಸ್ವಾರಸ್ಯವಾದುದು. ರಾತ್ರಿಯ ಹೊತ್ತು ಮೋಟಾರುಕಾರುಗಳ ದೀಪವನ್ನು ಬಯಲಿನ ಮೇಲೆ ಅಡ್ಡಲಾಗಿ ಬಿಟ್ಟರು. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಕಾಣದ ಒಂದೆರಡು ಅಂಗುಲದ ತಗ್ಗು, ಓರೆಯಾಗಿ ಬಿದ್ದ ಬೆಳಕಿನಲ್ಲಿ ಉದ್ದವಾದ ನೆರಳನ್ನು ಚೆಲ್ಲುತ್ತದೆ. ದಾರಿಯ ಅಂಚು ಗೆರೆ ಎಳೆದಂತೆ ಕಂಡಿತು. ಬೆಳಗಿನ ಅಥವಾ ಸಂಜೆಯ ಬಿಸಿಲಿನಲ್ಲಿ ವಿಮಾನದಿಂದ ಹಳೆಯ ಊರುಗಳ ಚಿತ್ರ ತೆಗೆಯುವುದರ ತತ್ತ್ವವೂ ಇದೇ. ವಿದ್ಯಾರ್ಥಿಗಳು ಶಾಲೆಯ ಆಟದ ಬಯಲಿನಲ್ಲಿ ಒಂದು ಕೈದೀಪವನ್ನು ನೆಲಕ್ಕೆ ತಾಗಿಸಿ ಹಿಡಿದು ಇದನ್ನು ತಾವೇ ನೋಡಬಹುದು.

ಇನ್ನು ತರಕಾರಿಯ ತೋಟ. ಯಜಮಾನನ ಪುಸ್ತಕವೂ ನಕ್ಷೆಗಳೂ ಕೈಯಲ್ಲಿರುವಾಗ ಅಗೆಯುವ ಶ್ರಮವೇಕೆಂದು ಯಾರಾದರೂ ಕೇಳಬಹುದು. ಇದಕ್ಕೆ ಎರಡು ಉತ್ತರಗಳಿವೆ. ನಕ್ಷೆಯಲ್ಲಿ ಅಳತೆಗಳಿದ್ದರೂ ಆ ಅಳತೆಗಳನ್ನು ನೆಲದ ಮೇಲೆ ಎಲ್ಲಿಂದ ಹಿಡಿಯಬೇಕೆಂಬುದು ತಿಳಿಯದಿದ್ದರೆ ಅವು ನಿರುಪಯುಕ್ತ. ಒಂದು ಸ್ಥಿರಬಿಂದುವಾದರೂ ಬೇಕು. ಎರಡನೆಯದು ಹೆಚ್ಚು ಮುಖ್ಯವಾದುದು. ಜೆಫರ್‌ಸನ್ ಯೋಚಿಸಿದುದೆಲ್ಲವನ್ನೂ ಬರೆಯುತ್ತಿದ್ದನು, ಬರೆದುದೆಲ್ಲವನ್ನೂ ಮಾಡಲಿಲ್ಲ. ಒಮ್ಮೆ ತರಕಾರಿ ತೋಟದಲ್ಲಿ ಬೇರೆ ಬೇರೆ ದೇಶಗಳ ಶೈಲಿಯ ನಾಲ್ಕು ಮಂಟಪಗಳನ್ನು ಕಟ್ಟಬೇಕೆಂದು ಬಯಸಿದನು. ಬಳಿಕ ಅಡುಗೆಯ ತೋಟ ಇಂಥ ಅಲಂಕಾರಗಳಿಗೆ ತಕ್ಕ ಸ್ಥಳವಲ್ಲವೆಂದು ತಾನೇ ಬರೆದುಕೊಂಡನು. ಆಸೆ ಯಾವುದು, ಆದುದು ಯಾವುದು ಎಂಬ ವಿವೇಚನೆಯನ್ನು ಕಾಗದ ಮಾಡಿಕೊಡದು. ಅದಕ್ಕೆ ನೆಲವನ್ನೇ ಕೇಳಬೇಕು.

1979ರಲ್ಲಿ ವಿಲಿಯಂ ಕೆಲ್ಸೊ ಎಂಬ ಪುರಾತತ್ತ್ವಜ್ಞರ ನೇತೃತ್ವದಲ್ಲಿ ಈ ಕೇಳುವ ಕೆಲಸ ಆರಂಭವಾಗಿ ಎರಡು ವರ್ಷ ನಡೆಯಿತು. ತೋಟದ ಉತ್ಖನನದಲ್ಲಿ ಗುದ್ದಲಿಯ ಪಾತ್ರ ಅಲ್ಪ, ಕರಣೆಯ ಪಾತ್ರ ಹೆಚ್ಚು. ಮೇಲಿನ ಉತ್ತ ಮಣ್ಣನ್ನು ತೆಗೆದ ಮೇಲೆ ಕೆಳಗಿನ ನೆಲವನ್ನು ಕರಣೆಯ ಅಂಚಿನಿಂದ ಚಿತ್ರದ ಹಲಗೆಯಂತೆ ನುಣುಪಾಗಿ ಹೆರೆಯುತ್ತಾರೆ. ಒಣಗಿದ ಮಣ್ಣಿನಲ್ಲಿ ಬಣ್ಣಗಳ ವ್ಯತ್ಯಾಸ ಮಸುಕಾಗುವುದರಿಂದ ನೀರು ಚಿಮುಕಿಸಿ ನೋಡುತ್ತಾರೆ. ಆಗ ಕೆಂಪು ನೆಲದಲ್ಲಿ ಕಪ್ಪು ಕಲೆಗಳು ಒಂದೊಂದಾಗಿ ಮೂಡುತ್ತವೆ. ಪ್ರತಿಯೊಂದನ್ನೂ ಅಳೆದು, ನಕ್ಷೆಯಲ್ಲಿ ಗುರುತಿಸಿ, ಚಿತ್ರ ತೆಗೆದು, ಅನಂತರವೇ ಒಳಗಿನ ಮಣ್ಣನ್ನು ತೆಗೆಯುತ್ತಾರೆ.

ಕಲೆಗಳನ್ನು ಓದುವುದರಲ್ಲಿಯೇ ಚಾತುರ್ಯವಿರುವುದು. ಬೇಲಿಯ ಕಂಬ ನೆಡುವವನು ಕಂಬಕ್ಕಿಂತ ಅಗಲವಾದ ಗುಂಡಿಯನ್ನು ತೋಡಿ, ಕಂಬವನ್ನು ನಿಲ್ಲಿಸಿ, ಸುತ್ತಲೂ ಮಣ್ಣು ತುಂಬಿ ಧಮ್ಮಸು ಮಾಡುತ್ತಾನೆ. ಮರ ಕೊಳೆತುಹೋದಾಗ ಅದರ ಜಾಗದಲ್ಲಿ ಮೇಲಿನ ಕಪ್ಪು ಮಣ್ಣು ಇಳಿಯುತ್ತದೆ. ಹೀಗಾಗಿ ಕಂಬದ ಗುರುತಿನಲ್ಲಿ ಒಂದರೊಳಗೊಂದು ಎರಡು ಕಲೆಗಳಿರುತ್ತವೆ: ಹೊರಗಿನದು ಗುಂಡಿಯದು, ಒಳಗಿನದು ಕಂಬದ್ದು. ಹಣ್ಣಿನ ಸಸಿಯನ್ನು ನೆಟ್ಟ ಗುಂಡಿ ಇದಕ್ಕಿಂತ ಅಗಲ. ಅದರ ತಳ ಬೋಗುಣಿಯಂತಿದ್ದು ಅಂಚುಗಳಿಂದ ಬೇರಿನ ಎಳೆಗಳು ಹೊರಟಿರುತ್ತವೆ. ಹೆಗ್ಗಣದ ಬಿಲವೂ ಕಪ್ಪು ಕಲೆಯನ್ನೇ ಬಿಡುತ್ತದೆ, ಆದರೆ ಅದು ವಕ್ರವಾಗಿ ಎಲ್ಲಿಗೋ ಹೋಗುತ್ತದೆ. ಒಂದು ಕಲೆಯಿಂದ ಏನೂ ಸಿದ್ಧವಾಗದು. ಸಮಾನ ಅಂತರದಲ್ಲಿ ಹತ್ತು ಕಲೆಗಳು ಸಾಲಾಗಿ ಬಂದರೆ ಅದು ಮನುಷ್ಯನ ಕೆಲಸವೆಂದು ಹೇಳಬಹುದು, ಏಕೆಂದರೆ ಹೆಗ್ಗಣ ಅಳತೆಯ ಹಗ್ಗ ಹಿಡಿದು ಬಿಲ ತೋಡುವುದಿಲ್ಲ.

ಜೆಫರ್‌ಸನ್ ತನ್ನ ತೋಟಕ್ಕೂ ಹಣ್ಣಿನ ತೋಪಿಗೂ ಸೇರಿಸಿ ಸುಮಾರು ಮುಕ್ಕಾಲು ಮೈಲಿ ಉದ್ದಕ್ಕೆ 10 ಅಡಿ ಎತ್ತರದ ಹಲಗೆಯ ಬೇಲಿಯನ್ನು ಹಾಕಿಸಿದ್ದನು. ಮರಿಮೊಲ ಕೂಡ ನುಸುಳದಷ್ಟು ಒತ್ತಾಗಿ ಹಲಗೆಗಳಿರಬೇಕೆಂಬುದು ಅವನ ಅಪ್ಪಣೆ. ಮಣ್ಣಿನಲ್ಲಿ ದೊರೆತ ಗುರುತುಗಳಿಂದ ಬೇಲಿಯ ದಾರಿಯೂ, ತೋಟದ ಬಾಗಿಲು ಇದ್ದ ಜಾಗವೂ ಗೊತ್ತಾದುವು. ಹಿಂದೆ ಹೇಳಿದ ಸ್ಥಿರಬಿಂದು ಇದೇ. ನಕ್ಷೆಯಲ್ಲಿದ್ದ ಬಾಗಿಲನ್ನು ನೆಲದ ಮೇಲಣ ಬಾಗಿಲಿಗೆ ಹೊಂದಿಸಿದೊಡನೆ, ಅಲ್ಲಿಯವರೆಗೆ ಕಾಗದದಲ್ಲಿ ತೇಲುತ್ತಿದ್ದ ಚೌಕಗಳು ತಮ್ಮ ತಮ್ಮ ಸ್ಥಾನಗಳಲ್ಲಿ ಕುಳಿತುವು.

ಗೋಡೆಯ ಕಲ್ಲುಗಳನ್ನು ಹುಡುಕುತ್ತ ಹೋದಾಗ ಅದರ ಉದ್ದದ ನಡುಭಾಗದಲ್ಲಿ ಚೌಕಾಕಾರದ ಒಂದು ಅಡಿಪಾಯ ಹೊರಬಿದ್ದಿತು. ಯೋಚಿಸಿದ್ದ ನಾಲ್ಕು ಮಂಟಪಗಳಲ್ಲಿ ಕಟ್ಟಿದುದು ಒಂದನ್ನೇ, ಅದೂ ಹನ್ನೆರಡೂವರೆ ಅಡಿ ಚೌಕದ ಪುಟ್ಟದನ್ನು. ಸಂಜೆಯ ಹೊತ್ತು ಅಲ್ಲಿ ಕುಳಿತು ಓದುವುದು ಜೆಫರ್‌ಸನ್ನನ ರೂಢಿ. ಅವನು ಸತ್ತ ಕೆಲವೇ ವರ್ಷಗಳಲ್ಲಿ ಬಿರುಗಾಳಿಗೆ ಸಿಕ್ಕಿ ಅದು ಬಿದ್ದುಹೋಗಿದ್ದಿತು. ಅಡಿಪಾಯದ ಅಳತೆಯನ್ನೂ ಅವನ ಬರಹಗಳನ್ನೂ ಹೊಂದಿಸಿ 1984ರಲ್ಲಿ ಅದನ್ನು ಅದೇ ಸ್ಥಳದಲ್ಲಿ ಮತ್ತೆ ಕಟ್ಟಿದರು.

ಗೋಡೆಯ ಕೆಳಗೆ ಹಣ್ಣಿನ ತೋಪು, ದ್ರಾಕ್ಷಿಯ ಚಪ್ಪರಗಳು, ಸಸಿಮಡಿಗಳು ಇದ್ದುವು. ಹಳೆಯ ಸಸಿಮಡಿ ಗೋಡೆಯ ಕೆಳಗಡೆ. ಹೊಸದು ತರಕಾರಿ ತೋಟದ ಈಶಾನ್ಯದ ತುದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ. ಸಸಿಮಡಿಯೆಂದರೆ ಜೆಫರ್‌ಸನ್ನನಿಗೆ ಪ್ರಯೋಗಶಾಲೆಯಿದ್ದಂತೆ. ಪ್ಯಾರಿಸಿನ ಸಸ್ಯೋದ್ಯಾನದ ಆಂದ್ರೆ ತುಯೆಂ ಎಂಬಾತ ವರ್ಷವರ್ಷವೂ ನೂರಾರು ಜಾತಿಯ ಬೀಜಗಳ ಪೆಟ್ಟಿಗೆಯನ್ನು ಕಳುಹಿಸುತ್ತಿದ್ದನು. ಬಂದುದನ್ನೆಲ್ಲ ಬಿತ್ತಲು ಆಳುಕಾಳುಗಳಿಲ್ಲದೆ ಜೆಫರ್‌ಸನ್ ಅದರಲ್ಲಿ ಬಹುಪಾಲನ್ನು ಫಿಲಡೆಲ್ಫಿಯದ ತೋಟಗಾರ ಬರ್ನಾರ್ಡ್ ಮೆಕ್‌ಮಾನನಿಗೆ ಹಂಚಿಬಿಡುತ್ತಿದ್ದನು.

ಹಣ್ಣಿನ ತೋಪನ್ನು ಅಗೆದು ಕಂಡುಹಿಡಿಯುವುದು ಸುಲಭ, ಸಸಿಮಡಿಯನ್ನು ಕಂಡುಹಿಡಿಯುವುದು ಕಠಿಣ. ತೋಪಿನ ಮರ ಒಂದೆಡೆ ನಿಂತು ದಶಕಗಳವರೆಗೆ ಬೆಳೆಯುತ್ತದೆ. ಅದರ ಗುಂಡಿ ಒಂದೇ ಸಲ ತೋಡಿದುದು. ಮಾಂಟಿಚೆಲೊವಿನಲ್ಲಿಯೂ ಮರಗಳ ಗುಂಡಿಗಳ ಕಲೆಗಳು ಸಾಲುಸಾಲಾಗಿ ದೊರೆತು, ಜೆಫರ್‌ಸನ್ನನ ತೋಪಿನ ನಕ್ಷೆಯನ್ನು ನೆಲದ ಮೇಲೆ ಇಡಲು ಆಧಾರವಾದುವು. ಸಸಿಮಡಿಯಲ್ಲಾದರೋ ಗಿಡ ನಿಲ್ಲುವುದೇ ಕಿತ್ತುಕೊಂಡು ಹೋಗುವುದಕ್ಕಾಗಿ. ವರ್ಷವರ್ಷವೂ ಅಗೆದು, ಗೊಬ್ಬರ ಹಾಕಿ, ನೆಟ್ಟು, ಕಿತ್ತು, ಮತ್ತೆ ಅಗೆಯುವುದರಿಂದ ಒಂದು ಗುಂಡಿಯ ಕಲೆಯನ್ನು ಇನ್ನೊಂದು ಅಳಿಸುತ್ತದೆ. ಉಳಿಯುವುದು ಹದವಾಗಿ ಬೆರೆತ ದಪ್ಪನೆಯ ಕಪ್ಪು ಮಣ್ಣಿನ ಪದರ, ಮತ್ತು ಅದರ ತಳದಲ್ಲಿ ಗುದ್ದಲಿಯ ಬಾಯಿ ಕೆಂಪು ಮಣ್ಣನ್ನು ಕಚ್ಚಿದ ಗಾಯಗಳು. ಗುಂಡಿಗಳ ಲೆಕ್ಕಕ್ಕಿಂತ ಪದರದ ದಪ್ಪವನ್ನೂ ಅಂಚನ್ನೂ ನೋಡಿಯೇ ಸಸಿಮಡಿಯನ್ನು ಗುರುತಿಸಬೇಕಾಗುತ್ತದೆ.

ಇಟಲಿಯ ಪಾಂಪೆಯ್ ನಗರದೊಡನೆ ಹೋಲಿಸಿದರೆ ಈ ಕಷ್ಟ ಇನ್ನಷ್ಟು ಸ್ಪಷ್ಟವಾಗುತ್ತದೆ. ಕ್ರಿ. ಶ. 79ರಲ್ಲಿ ವೆಸೂವಿಯಸ್ ಅಗ್ನಿಪರ್ವತ ಉಕ್ಕಿದಾಗ ಅಲ್ಲಿನ ತೋಟಗಳು ಹಗುರವಾದ ಕಲ್ಲಿನ ಹರಳುಗಳಡಿಯಲ್ಲಿ ಹೂತುಹೋದುವು. ಮುಂದೆ ಬೇರುಗಳು ಕೊಳೆತು ಉಂಟಾದ ಪೊಳ್ಳುಗಳೊಳಗೆ ಈ ಹರಳುಗಳು ಜಾರಿ ತುಂಬಿಕೊಂಡುವು. 1961ರಿಂದ ಅಲ್ಲಿ ಕೆಲಸ ಮಾಡಿದ ವಿಲ್ಹೆಲ್ಮಿನ ಜಶೆಮ್‌ಸ್ಕಿ ಎಂಬ ವಿದುಷಿ ಆ ಪೊಳ್ಳುಗಳನ್ನು ಬರಿದುಮಾಡಿಸಿ, ತಂತಿಯ ಆಸರೆ ಕೊಟ್ಟು, ಸಿಮೆಂಟನ್ನು ಹೊಯ್ಯಿಸಿ, ಸುತ್ತಲಿನ ಮಣ್ಣನ್ನು ತೆಗೆಸಿದರು. ಸತ್ತು ಹತ್ತೊಂಬತ್ತು ಶತಮಾನಗಳಾದ ಗಿಡದ ಬೇರು ಅಚ್ಚು ಹೊಯ್ದಂತೆ ಎದ್ದು ಬಂದಿತು. ಒಂದು ದ್ರಾಕ್ಷಿಯ ತೋಟದಲ್ಲಿಯೇ 2,014 ಬಳ್ಳಿಗಳ ಬೇರುಗಳನ್ನು ಅವರು ಎಣಿಸಿದರು. ಸಸಿಗಳನ್ನು ಬೆಳೆಸಿ ಹಾಗೆಯೇ ನೆಲದಲ್ಲಿ ಹೂಳುತ್ತಿದ್ದ, ತಳದಲ್ಲಿಯೂ ಪಕ್ಕಗಳಲ್ಲಿಯೂ ತೂತುಗಳುಳ್ಳ ಮಣ್ಣಿನ ಕುಂಡಗಳೂ ಸಿಕ್ಕಿದುವು. ವರ್ಜೀನಿಯದಲ್ಲಿ ಯಾವ ಅಗ್ನಿಪರ್ವತವೂ ಬಂದು ಇಂಥ ಉಪಕಾರವನ್ನು ಮಾಡಲಿಲ್ಲ. ಅಲ್ಲಿ ಬಣ್ಣದ ಕಲೆಯೊಂದೇ ಗತಿ.

ಕಲೆಯಿಂದ ಗಿಡ ಎಲ್ಲಿದ್ದಿತೆಂದು ತಿಳಿಯಿತು. ಯಾವ ಗಿಡವೆಂದು ತಿಳಿಯುವುದು ಹೇಗೆ? ಇದಕ್ಕೆ ತೋಟಗಳ ಶೋಧಕರು ಮೂರು ಸೂಕ್ಷ್ಮ ಸಾಕ್ಷಿಗಳನ್ನು ಹುಡುಕುತ್ತಾರೆ. ಸುಟ್ಟು ಇದ್ದಿಲಾದ ಬೀಜ ಕೊಳೆಯುವುದಿಲ್ಲ. ಮಣ್ಣನ್ನು ನೀರಿನಲ್ಲಿ ಕದಡಿದರೆ ಅದು ಮೇಲೆ ತೇಲುತ್ತದೆ. ಅದನ್ನು ಸೋಸಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನಮ್ಮ ಬಳ್ಳಾರಿಯ ಬಳಿಯ ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನ ಹುರುಳಿ, ಹೆಸರು, ಕೊರಲೆಗಳನ್ನು ಬಳಸುತ್ತಿದ್ದರೆಂಬುದು ಗೊತ್ತಾದುದು ಇದೇ ಉಪಾಯದಿಂದ. ಎರಡನೆಯ ಸಾಕ್ಷಿ ಹೂವಿನ ಪರಾಗ. ಅದರ ಹೊರಕವಚ ಬಹಳ ಗಟ್ಟಿ, ಮತ್ತು ಅದರ ಆಕಾರದಿಂದ ಗಿಡದ ಕುಲವನ್ನು ಹೇಳಬಹುದು. ಮೂರನೆಯದು, ಹುಲ್ಲಿನ ಜಾತಿಯ ಗಿಡಗಳು ನೆಲದಿಂದ ಹೀರಿದ ಸಿಲಿಕವನ್ನು ತಮ್ಮ ಜೀವಕೋಶಗಳಲ್ಲಿ ಶೇಖರಿಸಿದಾಗ ಆಗುವ ಗಾಜಿನಂಥ ಕಣಗಳು. ಗಿಡ ಕೊಳೆತರೂ ಇವು ಮಣ್ಣಿನಲ್ಲಿ ಉಳಿಯುತ್ತವೆ.

ಆದರೆ ಅಡುಗೆಯ ತೋಟ ಈ ಸಾಕ್ಷಿಗಳಿಗೆ ಒಗ್ಗದ ಸ್ಥಳ. ಸೊಪ್ಪನ್ನು ಹೂ ಬಿಡುವ ಮುನ್ನವೇ ಕೊಯ್ಯುತ್ತಾರೆ, ಆದುದರಿಂದ ಅದರ ಪರಾಗ ನೆಲಕ್ಕೆ ಬೀಳುವುದಿಲ್ಲ. ಬಟಾಣಿಯ ಹೂ ತನ್ನ ಪರಾಗವನ್ನು ತನ್ನೊಳಗೇ ಉಪಯೋಗಿಸಿಕೊಳ್ಳುತ್ತದೆ. ಗಾಳಿಗೆ ಹಾರುವ ಪೈನ್ ಮರದ ಪರಾಗವಾದರೋ ಮೈಲಿಗಳಾಚೆಯಿಂದ ಬಂದು ಬೀಳುತ್ತದೆ. ಪರಾಗವನ್ನು ಮಾತ್ರ ನಂಬಿದರೆ ಬಟಾಣಿಯ ಮಡಿಯನ್ನು ಕಾಡೆಂದು ಭ್ರಮಿಸುವ ಅಪಾಯವಿದೆ! ತರಕಾರಿಯ ಬೀಜ ಸುಟ್ಟು ಇದ್ದಿಲಾಗುವುದು ಒಲೆಯ ಬಳಿ, ಮಡಿಯಲ್ಲಲ್ಲ. ತೋಟದಲ್ಲಿ ಬೆಳೆದುದರ ಸಾಕ್ಷಿಯನ್ನು ಅಡುಗೆಮನೆಯ ಕಸದಲ್ಲಿ ಹುಡುಕಬೇಕಾಗುತ್ತದೆ.

ಈ ಕಸದಿಂದ ಮತ್ತೊಂದು ಪ್ರಯೋಜನವಿದೆ. ಮನೆಯ ಗುಡಿಸಿದ ಕಸವನ್ನು ಗೊಬ್ಬರದೊಡನೆ ಮಡಿಗಳಿಗೆ ಹಾಕುವ ರೂಢಿ ಎಲ್ಲ ದೇಶಗಳಲ್ಲಿಯೂ ಉಂಟು. ಅದರೊಡನೆ ಒಡೆದ ತಟ್ಟೆ ಬಟ್ಟಲುಗಳ ಚೂರುಗಳೂ ಹೋಗುತ್ತವೆ. ಇಂಗ್ಲೆಂಡಿನಲ್ಲಿ ವೆಜ್‌ವುಡ್ ಮೊದಲಾದವರು ತಯಾರಿಸಿದ ಕೆನೆಬಣ್ಣದ ಪಿಂಗಾಣಿ ಬಳಕೆಗೆ ಬಂದುದು 1760ರ ದಶಕದಲ್ಲಿ. ಅದರ ಒಂದು ಚೂರು ಗುಂಡಿಯೊಂದರ ತಳದಲ್ಲಿ ಸಿಕ್ಕಿದರೆ ಆ ಗುಂಡಿಯನ್ನು ಮುಚ್ಚಿದುದು ಅದಕ್ಕಿಂತ ಹಿಂದೆ ಅಲ್ಲವೆಂದು ಖಂಡಿತವಾಗಿ ಹೇಳಬಹುದು. ಒಂದು ಪದರದಲ್ಲಿ ಸಿಕ್ಕಿದ ವಸ್ತುಗಳಲ್ಲಿ ಎಲ್ಲಕ್ಕಿಂತ ಹೊಸದು ಯಾವುದೋ, ಪದರ ಅದಕ್ಕಿಂತ ಹಳೆಯದಾಗಿರಲಾರದು. ಹಳೆಯ ವಸ್ತುಗಳು ನೂರಿದ್ದರೂ ಲೆಕ್ಕಕ್ಕಿಲ್ಲ.

ಮಾಂಟಿಚೆಲೊವಿನಲ್ಲಿ ಮಣ್ಣು ಪುಸ್ತಕವನ್ನು ಬಹುಮಟ್ಟಿಗೆ ಸಮರ್ಥಿಸಿತು. ಎಲ್ಲ ಕಡೆಯೂ ಹೀಗಾಗುವುದಿಲ್ಲ. ಅದೇ ವರ್ಜೀನಿಯದಲ್ಲಿ ಜಾರ್ಜ್ ವಾಷಿಂಗ್ಟನ್ನನ ಮೌಂಟ್ ವರ್ನನ್ ಎಂಬ ಎಸ್ಟೇಟಿದೆ. ಅಲ್ಲಿನ ಮೇಲಣ ತೋಟದಲ್ಲಿ ಕತ್ತರಿಸಿ ಬೆಳೆಸಿದ ಕುರುಚಲು ಪೊದೆಗಳ ಅಂಚುಗಳನ್ನೂ ಗುಲಾಬಿಗಳನ್ನೂ ನೋಡಿ ಇವು ವಾಷಿಂಗ್ಟನ್ನನ ಕಾಲದ ವಿನ್ಯಾಸವೆಂದು ಯಾತ್ರಿಕರು ಬಹುಕಾಲ ನಂಬಿದ್ದರು. ಈ ಶತಮಾನದ ಮೊದಲ ದಶಕದಲ್ಲಿ ಅಗೆದು ನೋಡಿದಾಗ ಅಡಿಯಲ್ಲಿ ಬೇರೆಯೇ ತೋಟವಿದ್ದಿತು: ಅಗಲವಾದ ಕಾಲುದಾರಿಗಳು, ದೊಡ್ಡ ದೊಡ್ಡ ಮಡಿಗಳು. ಮಡಿಯ ನಡುವೆ ತರಕಾರಿ, ಅಂಚಿನಲ್ಲಿ ಮಾತ್ರ ಹೂ ಎಂಬ ಹಳೆಯ ಪದ್ಧತಿಯಂತೆ 2011ರಲ್ಲಿ ಅದನ್ನು ಮತ್ತೆ ಹಾಕಿದರು. ಅಂದವಾದ ಪೊದೆಗಳನ್ನು ಕಿತ್ತು ಕೋಸನ್ನು ಹಾಕುವುದಕ್ಕೆ ಧೈರ್ಯ ಬೇಕು. ಆ ಧೈರ್ಯವನ್ನು ಕೊಟ್ಟುದು ಮಣ್ಣು.

ಮಾಂಟಿಚೆಲೊವಿನ ಪುಸ್ತಕ ಸುಳ್ಳು ಹೇಳಿಲ್ಲವೆಂದೆವು. ಆದರೆ ಅದು ಹೇಳದೆ ಬಿಟ್ಟುದು ಬಹಳವಿದೆ. ಬಟಾಣಿ ಬಿತ್ತಿದ ದಿನ ಅದರಲ್ಲಿದೆ. ಬಿತ್ತಿದ ಕೈಗಳ ವಿಚಾರ ಅಪರೂಪ. ತೋಟಕ್ಕೂ ಮನೆಗೂ ನಡುವೆ ಹಿಪ್ಪುನೇರಳೆಯ ಸಾಲು ಎಂಬ ಹೆಸರಿನ ಒಂದು ಬೀದಿಯಿದ್ದಿತು. ಅದರುದ್ದಕ್ಕೂ ಮರಗೆಲಸದ ಕೊಟ್ಟಿಗೆ, ಮೊಳೆ ತಯಾರಿಸುವ ಕಮ್ಮಟ, ಗುಲಾಮರ ಗುಡಿಸಲುಗಳು ಇದ್ದುವು. ತೋಟವಾದ ಬಳಿಕ ಕೆಲ್ಸೊ ಮತ್ತು ಅವರ ಸಂಗಡಿಗರು ಈ ಬೀದಿಯನ್ನು ಅಗೆದರು. ಗುಡಿಸಲುಗಳ ನೆಲದಡಿಯಲ್ಲಿ ಸಾಮಾನುಗಳನ್ನು ಇಟ್ಟುಕೊಳ್ಳಲು ತೋಡಿದ ಚಿಕ್ಕ ನೆಲಮಾಳಿಗೆಗಳು, ಒಡೆದ ತಟ್ಟೆಗಳು, ಗುಂಡಿಗಳು, ಉಂಡು ಬಿಸುಟ ಮೂಳೆಗಳು ಸಿಕ್ಕಿ, ಪುಸ್ತಕದಲ್ಲಿ ಇಲ್ಲದ ಬಾಳಿನ ವಿವರಗಳು ಒಂದೊಂದಾಗಿ ಕೂಡಿಬಂದುವು.

ಈ ಕುಟುಂಬಗಳಿಗೆ ತಮ್ಮವೇ ಆದ ಸಣ್ಣ ಹಿತ್ತಲುಗಳಿದ್ದುವು. ಒಡೆಯನ ಕೆಲಸ ಮುಗಿದ ರಾತ್ರಿಯಲ್ಲಿಯೂ ಭಾನುವಾರಗಳಲ್ಲಿಯೂ ಅವರು ಅಲ್ಲಿ ಬೆಳೆಯುತ್ತಿದ್ದರು. ಇದಕ್ಕೆ ಲಿಖಿತ ಸಾಕ್ಷಿ ದೊರೆಯುವುದು ಜೆಫರ್‌ಸನ್ನನ ಪುಸ್ತಕದಲ್ಲಲ್ಲ, ಅವನ ಮೊಮ್ಮಗಳು ಆನ್ ಕೇರಿ ರ‍್ಯಾಂಡಾಲ್ಫಳು ಬರೆದ ಮನೆಖರ್ಚಿನ ಲೆಕ್ಕದಲ್ಲಿ. 1805ರಲ್ಲಿ, ಹದಿನಾಲ್ಕು ವರ್ಷದ ಹುಡುಗಿಯಾಗಿದ್ದಾಗ, ಅವಳು ಬರೆಯತೊಡಗಿದ ಈ ಲೆಕ್ಕ 1808ರವರೆಗೆ ನಡೆಯಿತು. ಕೋಳಿ, ಮೊಟ್ಟೆ, ಸೌತೆಕಾಯಿ, ಕೋಸು ಇವುಗಳನ್ನು ಯಾವ ಗುಲಾಮನಿಂದ ಎಷ್ಟು ಕೊಟ್ಟು ಕೊಂಡೆವೆಂಬುದನ್ನು ಅವಳು ಹೆಸರು ಹಿಡಿದು ಬರೆದಿದ್ದಾಳೆ. ದೊಡ್ಡ ಜಗಲಿಯ ಕೆಲಸ ನಡೆಯುತ್ತಿದ್ದ ಆ ವರ್ಷಗಳಲ್ಲಿ ಒಡೆಯನ ಊಟದ ಮೇಜಿಗೆ ಗುಲಾಮರ ಹಿತ್ತಲಿನ ತರಕಾರಿ ಹಣ ಕೊಟ್ಟು ಬರುತ್ತಿದ್ದಿತು.

ದೊಡ್ಡ ತೋಟದಲ್ಲಿ ದುಡಿದವರಲ್ಲಿ ವರ್ಮ್ಲಿ ಹ್ಯೂಸ್ ಎಂಬವನ ಹೆಸರು ಉಳಿದಿದೆ. 1781ರಲ್ಲಿ ಹುಟ್ಟಿದ ಇವನು ಬಾಲ್ಯದಲ್ಲಿ ಮೊಳೆಯ ಕಮ್ಮಟದಲ್ಲಿದ್ದು ಆಮೇಲೆ ತೋಟಗಾರನಾದನು. ರಾಜಧಾನಿಯಿಂದ ಪೆಟ್ಟಿಗೆಗಳಲ್ಲಿ ಬಂದ ಸಸಿಗಳನ್ನು ನೆಟ್ಟು ಬದುಕಿಸಿದವನು ಇವನು. 1826ರಲ್ಲಿ ಜೆಫರ್‌ಸನ್ನನ ಗೋರಿಯ ಗುಂಡಿಯನ್ನು ತೋಡಿದವನೂ ಇವನೇ. ಮರುವರ್ಷದ ಜನವರಿಯಲ್ಲಿ ಸಾಲ ತೀರಿಸಲು 130 ಮಂದಿ ಗುಲಾಮರನ್ನು ಹರಾಜಿಗಿಟ್ಟಾಗ ವರ್ಮ್ಲಿಗೆ ಬಿಡುಗಡೆ ದೊರೆತಿದ್ದರೂ, ಅವನ ಹೆಂಡತಿ ಅರ್ಸುಲ ಮತ್ತು ಮಕ್ಕಳು ಆ ಹರಾಜಿನಲ್ಲಿ ಮಾರಾಟವಾದರು.

ಜಗಲಿಯಲ್ಲಿ ಈಗ ಮತ್ತೆ ಬಟಾಣಿ, ಬೆಂಡೆ, ಬದನೆ ಬೆಳೆಯುತ್ತವೆ. ಹಳೆಯ ತಳಿಗಳ ಬೀಜಗಳನ್ನು ಕಾಪಾಡಿ ಹಂಚುವುದಕ್ಕಾಗಿ 1987ರಲ್ಲಿ ಅಲ್ಲಿ ಒಂದು ಕೇಂದ್ರ ಸ್ಥಾಪಿತವಾಯಿತು. ಹಿಪ್ಪುನೇರಳೆಯ ಸಾಲಿನ ಎರಡು ಕಟ್ಟಡಗಳನ್ನು, ಅವುಗಳಲ್ಲಿ ಗುಲಾಮ ಕುಟುಂಬದ ಒಂದು ಮನೆಯನ್ನು, 2015ರಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದರು. 1997ರಲ್ಲಿ ಎಸ್ಟೇಟಿನ ಉಳಿದ ಭೂಮಿಯ ಪರಿಶೀಲನೆ ಆರಂಭವಾಯಿತು. ಅದರ ಕ್ರಮ ಹೀಗೆ: ಕಾಡು ಹೊಲಗಳಲ್ಲೆಲ್ಲ 40 ಅಡಿಗೊಂದರಂತೆ ಸಣ್ಣ ಗುಂಡಿಯನ್ನು ತೋಡಿ, ಮಣ್ಣನ್ನು ಜರಡಿ ಹಿಡಿದು, ಸಿಕ್ಕಿದುದನ್ನು ಗುರುತುಹಾಕಿ, ಗುಂಡಿಯನ್ನು ಮುಚ್ಚಿ ಮುಂದಕ್ಕೆ ಹೋಗುವುದು. ಎಲ್ಲವನ್ನೂ ಒಮ್ಮೆಗೇ ಅಗೆದುಬಿಡುವುದಿಲ್ಲ, ಏಕೆಂದರೆ ಅಗೆದ ಪದರವನ್ನು ಎರಡನೆಯ ಸಲ ಅಗೆಯಲಾಗದು. ಮುಂದಿನವರು ಇನ್ನೂ ಒಳ್ಳೆಯ ಉಪಕರಣಗಳೊಡನೆ ಬಂದಾಗ ನೋಡಿಕೊಳ್ಳಲೆಂದು ಪ್ರತಿಯೊಂದು ಕಡೆಯೂ ಒಂದಷ್ಟು ನೆಲವನ್ನು ಮುಟ್ಟದೆ ಬಿಡುತ್ತಾರೆ.